ಮಜ್ಜಿಗೆ ಗಡ್ಡೆ

ಮಾಮೂಲ್‌ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ
ಆ ಬೇರಿನ ಚೀಲಕ್ಕೆ ಸೀಮೆಸುಣ್ಣದಲ್ಲಿ ಹೆಸರು:
ಹಲವು ಮಕ್ಕಳ ತಾಯಿ ಬೇರು.
ಬಾಯಿಬಿಟ್ಟು ಕೇಳಲಾಗದೆ
ಖಾಕಿ ಕೋಟಿನ ಗುಂಡಿ ತಿರುವುತ್ತ ನಿಂತೆ.
ಹಿಂದೆ, ಬಾಣಂತಿ ಖಾರದ ಪಟ್ಟಿ ಹಿಡಿದ ಮುದುಕ,
ಸೀಗೆಕಾಯಿಗೆ ಬಂದ ಇಬ್ಬರು.

ಶೆಟ್ಟರ ಅಕ್ಕ ವಾಸವಾಂಬ
ತಕ್ಕಡಿಯಿಂದ ಕಣ್ಣೆತ್ತದೆ ಅಂದಳು:
"ಮಜ್ಜಿಗೆ ಗಡ್ಡೆ ಅಂತ ಕೇಳಮ್ಮ, ಅದೂ ಇದೇ.
ಬೇರು ಅಂದ್ರೆ ನಾಯಿಮರಿಯಾ,
ಕರೆದ ಹೆಸರಿಗೆ ಬಾಲ ಅಲ್ಲಾಡಿಸೋಕೆ?"

ಕಾಲು ಕೇಜಿ ಅದು. ನೂರು ಗ್ರಾಂ ಅಶೋಕದ ತೊಗಟೆ.
ಲೋಧ್ರ ಒಂದು ಹಿಡಿ, ಮೇಲಿಷ್ಟು ಮೆಂತ್ಯ.
ಪೊಟ್ಟಣ ಕಟ್ಟಿದ್ದು ಹಳೇ ಪೇಪರಿನ
ವಧು ಬೇಕಾಗಿದೆ ಪುಟದಲ್ಲಿ.
"ನಾಲ್ಕು ಲೋಟ ನೀರು ಒಂದಕ್ಕೆ ಇಳೀಬೇಕು.
ಅವಸರ ಮಾಡಿದರೆ ಬರೀ ಕಹಿ."

ಅವಸರವೇ ನನ್ನ ಕಸುಬು.
ಬನಶಂಕರಿಯಿಂದ ಹೆಬ್ಬಾಳ, ಹೆಬ್ಬಾಳದಿಂದ ಬನಶಂಕರಿ,
ಐದೂಕಾಲಿಗೆ ಮೊದಲ ಟ್ರಿಪ್ಪು,
ಮೂರೂವರೆಗೆ ಒಲೆಯ ಮೇಲೆ ಪಾತ್ರೆ.
ಕತ್ರಿಗುಪ್ಪೆಯ ನಮ್ಮ ವಠಾರಕ್ಕೆ ವಠಾರವೇ
ತೊಗಟೆಯ ವಾಸನೆಗೆ ಏಳುತ್ತದೆ.
ಬಚ್ಚಲಿನಿಂದಲೇ ಅತ್ತೆ ಕೂಗುತ್ತಾರೆ,
ನಲ್ಲಿಯ ಮುಂದೆ ಬಿಂದಿಗೆ ಹಿಡಿದವರಿಗೆಲ್ಲ ಕೇಳುವ ಹಾಗೆ:
"ಹಲವು ಮಕ್ಕಳ ತಾಯಿ ಬೇರು ಕುಡಿದೆಯೇನೇ, ಹೇಮಾವತಿ?"

ಮೊನ್ನೆ ಒಬ್ಬಳು ತುಂಬಿದ ಬಸುರಿ ಹತ್ತಿದಾಗ
ಮುಂದಿನ ಸೀಟು ಬಿಡಿಸಿಕೊಟ್ಟು
ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದೆ.
ದಿನಕ್ಕೆ ಆರುನೂರು ಸೊನ್ನೆ ಹರಿಯುತ್ತೇನೆ.
ಒಂದೂ ನನ್ನ ಲೆಕ್ಕಕ್ಕಲ್ಲ.

ಸ್ಕ್ಯಾನಿಂಗಿನಲ್ಲಿ ಡಾಕ್ಟರು ತೋರಿಸಿದ್ದರು,
ಅಂಡಾಶಯದ ಅಂಚಿಗೆ ಪುಟ್ಟ ಪುಟ್ಟ ಗುಳ್ಳೆ:
"ಮುತ್ತಿನ ಸರದ ಹಾಗಿದೆ ನೋಡಿ."
ಮದುವೆಗೆ ಅಪ್ಪ ಕೊಡಿಸಲಾಗದ್ದು ಅಲ್ಲಿತ್ತು, ಒಳಗೆ.
ಬೇರು ತೊಗಟೆ ಏನೇ ಕುಡಿದರೂ ಬರೆದು ತನ್ನಿ,
ಮಾತ್ರೆ ಮಾತ್ರ ಬಿಡಬೇಡಿ, ಅಂದರು.
ಬರೆದೆ, ಟಿಕೆಟ್ಟಿನ ಬೆನ್ನಿಗೆ.
ಓದಿದರು, ನಗಲಿಲ್ಲ, ಫೈಲಿಗೆ ಪಿನ್ನು ಹೊಡೆದರು.
ನಗದೇ ಇದ್ದದ್ದಕ್ಕೇ ಅವರ ಮೇಲೆ ನಂಬಿಕೆ ಬಂತು.

ಕಷಾಯ ಕುಡಿದ ಗಂಟೆಯೊಳಗೆ
ಹೋಗಲೇಬೇಕು. ರಿಂಗ್ ರೋಡಿನಲ್ಲಿ
ಹೆಂಗಸು ಎಲ್ಲಿಗೆ ಹೋಗಬೇಕು?
ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಹಲ್ಲು ಕಚ್ಚಿ ನಿಂತರೆ
ಡ್ರೈವರ್ ಮಾದಪ್ಪಣ್ಣ ಕನ್ನಡಿಯಲ್ಲಿ ನೋಡುತ್ತಾನೆ.
ಅಗರದ ಪೆಟ್ರೋಲ್ ಬಂಕಿಗೆ ಗಾಡಿ ಒರಗಿಸಿ
"ಏರ್ ಹಿಡೀತಿಲ್ಲ, ಎರಡು ನಿಮಿಷ!" ಎಂದು ಕೂಗಿ
ಇಳಿದು ಟೈರು ಒದೆಯುತ್ತ
ನನ್ನ ಕಡೆಗೆ ಬೆನ್ನು ಮಾಡಿ ನಿಲ್ಲುತ್ತಾನೆ.
ಎರಡು ತಿಂಗಳಿಂದ ಆ ಟೈರಿಗೆ ಏನೂ ಆಗಿಲ್ಲ.

ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ
ಎರಡು ಹಾಳೆ ಬೆಳ್ಳಗೆ. ಮೂರನೆಯದೂ ಅರ್ಧ.
ಅತ್ತೆ ಏನೂ ಕೇಳದೆ ಮಾವಿನಕಾಯಿ ತಂದಿಟ್ಟರು.
ಗಂಡ ಹಾಸಿಗೆಯ ಅಂಚಿಗೆ ಸರಿದು ಮಲಗತೊಡಗಿದ,
ಕಾಲು ತಗುಲೀತೆಂದು.
ನನಗೆ ಗೊತ್ತಿತ್ತು: ಇದು ಬಸಿರಲ್ಲ,
ಒಳಗೆಲ್ಲೋ ಸಿಗ್ನಲ್ ಕೆಟ್ಟು ಗಾಡಿಗಳೆಲ್ಲ ನಿಂತಿವೆ.

ಎಪ್ಪತ್ತೊಂಬತ್ತನೆಯ ದಿನ, ಟಿನ್ ಫ್ಯಾಕ್ಟರಿಯ ಹತ್ತಿರ,
ಸೊಂಟದಲ್ಲಿ ಆ ಹಳೆಯ ಪರಿಚಯದ ನೋವು.
"ರೈಟ್ ರೈಟ್!" ಎಂದೆ, ಎಂದೂ ಕೂಗದಷ್ಟು ಜೋರಾಗಿ.
ಮಾದಪ್ಪಣ್ಣ ತಿರುಗಿ ನೋಡಿದ.
ಬೇರು ಮಾಡಿತೋ, ಮಾತ್ರೆಯೋ,
ನಿಂತು ನಿಂತು ಮೈಗೇ ಸಾಕಾಯಿತೋ,
ಯಾರಿಗೆ ಗೊತ್ತು. ಹೊರಟಿತು.

ಮನೆಗೆ ಬಂದು ತಾರೀಕಿಗೆ ಕೆಂಪು ಸುತ್ತು ಹಾಕುವಾಗ
ಅತ್ತೆ ಮಾವಿನಕಾಯಿ ಹೆಚ್ಚುತ್ತಿದ್ದರು. ಚಾಕು ನಿಂತಿತು.
ನಾನು ಹಬ್ಬ ಅಂದುಕೊಂಡದ್ದು
ಅವರಿಗೆ ತಿಥಿ.
ಬೈಗುಳಕ್ಕೆ ಕಾದೆ.
ಅವರು ಎದ್ದು, ಕೈ ಸೆರಗಿಗೆ ಒರೆಸಿ,
ಶೆಲ್ಫಿನ ಡಬ್ಬಿ ಅಲ್ಲಾಡಿಸಿ ನೋಡಿದರು.
"ಮುಗೀತಾ ಬಂದಿದೆ.
ನಾಳೆ ಪೇಟೆ ಕಡೆ ಹೋದರೆ ತಗೊಂಬಾ..."
ನಲ್ಲಿಯ ಮುಂದೆ ಜನ ಇದ್ದರು.
ದನಿ ತಗ್ಗಿಸಿದರು.
"ಅದೇ, ಮಜ್ಜಿಗೆ ಗಡ್ಡೆ."